ಒಂದೇ ಕೋಟ್ ಸುಣ್ಣ

ನೀರು ಸರಬರಾಜು ಕಚೇರಿಯ ವರದಿಯಪ್ಪನವರಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಅದು ಹಾಜರಿ ಪುಸ್ತಕವೊಂದನ್ನು ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಕಚೇರಿಯಲ್ಲಿ ಏನಾದರೂ ಕಳೆದರೆ, ಒಡೆದರೆ, ಸೋರಿದರೆ ವಿಚಾರಣೆ ನಡೆಸಿ ವರದಿ ಬರೆಯುವುದು ಅವರ ಪಾಲಿನ ಕೆಲಸ. ಇಪ್ಪತ್ತನಾಲ್ಕು ವರ್ಷಗಳಲ್ಲಿ ಅರವತ್ತೊಂದು ವರದಿ ಬರೆದಿದ್ದರು. ಅವುಗಳಲ್ಲಿ ಒಬ್ಬ ನರಪಿಳ್ಳೆಯೂ ತಪ್ಪಿತಸ್ಥನೆಂದು ಸಾಬೀತಾಗಿರಲಿಲ್ಲ. ಕಡತ ಕಳೆದದ್ದಕ್ಕೆ ಇಲಿ ಕಾರಣವಾಗಿತ್ತು, ಪೈಪು ಒಡೆದದ್ದಕ್ಕೆ ಬಿಸಿಲು, ಬೀಗ ಮುರಿದದ್ದಕ್ಕೆ ಬೀಗದ ವಯಸ್ಸು. ಉಗ್ರಾಣದಿಂದ ಹನ್ನೆರಡು ಅಡಿಯ ಏಣಿ ಕಾಣೆಯಾದಾಗ, ‘ಸದರಿ ಏಣಿಯು ಮೊದಲಿನಿಂದಲೂ ಇರಲಿಲ್ಲ, ಇದ್ದಿದ್ದರೆ ಕಾಣುತ್ತಿತ್ತು’ ಎಂದು ಬರೆದು ಆರು ಜನರ ಕೆಲಸ ಉಳಿಸಿದ್ದರು.

ತಪ್ಪುಗಳ ಮೇಲೆ ಸುಣ್ಣ ಬಳಿಯುವುದರಲ್ಲಿ ವರದಿಯಪ್ಪನವರನ್ನು ಮೀರಿಸುವವರಿಲ್ಲ ಎಂದು ಕಚೇರಿಯವರು ನಗುತ್ತಿದ್ದರು. ವರದಿಯಪ್ಪನವರು ಅದನ್ನು ಮೆಚ್ಚುಗೆಯೆಂದೇ ತಿಳಿದಿದ್ದರು. ತಪ್ಪು ಯಾರದೆಂದು ಹುಡುಕುವುದು ಯಾವ ದಡ್ಡನಾದರೂ ಮಾಡಬಹುದಾದ ಕೆಲಸ, ತಪ್ಪು ಯಾರದೂ ಅಲ್ಲವೆಂದು ತೋರಿಸುವುದಕ್ಕೆ ಅನುಭವ ಬೇಕು ಎಂಬುದು ಅವರ ಅಭಿಪ್ರಾಯ. ಅದನ್ನೂ ಅವರು ಒಂದೇ ಸಲಕ್ಕೆ ಬರೆದು ಮುಗಿಸುತ್ತಿದ್ದರು. ಕರಡು, ತಿದ್ದುಪಡಿ, ಶುದ್ಧಪ್ರತಿ ಎಂಬ ತಾಪತ್ರಯ ಇಟ್ಟುಕೊಂಡವರೇ ಅಲ್ಲ. ಒಮ್ಮೆ ಬಳಿದರೆ ಸಾಕು, ಎರಡನೇ ಸಲ ಬಳಿಯುವವನಿಗೆ ತನ್ನ ಕೈಯ ಮೇಲೇ ನಂಬಿಕೆಯಿಲ್ಲ ಎನ್ನುತ್ತಿದ್ದರು.

ಬಳಿಸಿಕೊಳ್ಳುವ ಸರದಿ ಅವರಿಗೂ ಬರುತ್ತಿತ್ತು. ಮಧ್ಯಾಹ್ನದ ಬಿಡುವಿನಲ್ಲಿ ಕಚೇರಿಯ ಕಾವಲುಗಾರನ ಜೊತೆ ಕೇರಂ ಆಡಿ, ಒಂದೇ ಒಂದು ಕಾಯನ್ನೂ ಗುಂಡಿಗೆ ಹಾಕದೆ ಸೋಲುವುದು ನಿತ್ಯದ ವಾಡಿಕೆ. ಕಾವಲುಗಾರ ಅದನ್ನು ಕ್ರಿಕೆಟ್ಟಿನವರ ಮಾತಿನಲ್ಲಿ ವೈಟ್‌ವಾಶ್, ಅಂದರೆ ಸುಣ್ಣ ಬಳಿದದ್ದು, ಎಂದು ಕರೆದು, ಎಷ್ಟನೆಯದೆಂದು ಗೋಡೆಯ ಮೇಲೆ ಗೀಟು ಹಾಕಿಡುತ್ತಿದ್ದ. ಮನೆಯಲ್ಲಿ ಹೆಂಡತಿಯಾದರೋ ತನ್ನ ಅಕ್ಕನ ಜೊತೆ ಫೋನಿನಲ್ಲಿ ಮಾತಾಡುವಾಗ ಗಂಡನಿಗೆ ಒಂದು ಕೋಟ್ ಬಳಿಯದೆ ಮಾತೇ ಮುಂದುವರಿಸುತ್ತಿರಲಿಲ್ಲ. ಆ ಫೋನಿನ ಪ್ರಕಾರ ವರದಿಯಪ್ಪನವರಿಲ್ಲದೆ ಊರಿನ ಒಂದು ನಲ್ಲಿಯಲ್ಲೂ ನೀರು ಬರುತ್ತಿರಲಿಲ್ಲ. ಅವರಿದ್ದೂ ಬರುತ್ತಿರಲಿಲ್ಲ ಎಂಬ ವಿಷಯ ಫೋನಿನಲ್ಲಿ ಬರುತ್ತಿರಲಿಲ್ಲ.

ಇಷ್ಟೆಲ್ಲ ಇದ್ದೂ ವರದಿಯಪ್ಪನವರಿಗೆ ಒಂದು ಕೊರಗಿತ್ತು. ಅವರ ಕುರ್ಚಿಗೆ ಕೈಗಳಿರಲಿಲ್ಲ. ಇಡೀ ಕಚೇರಿಯಲ್ಲಿ ಕೈಗಳಿರುವ ಕುರ್ಚಿ ಎರಡೇ, ಒಂದು ಸಾಹೇಬರದು, ಇನ್ನೊಂದು ಹೆಡ್ ಕ್ಲಾರ್ಕರದು. ಇಪ್ಪತ್ತನಾಲ್ಕು ವರ್ಷ ಮೊಣಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಮಡಿಲಲ್ಲಿ ಇಟ್ಟುಕೊಂಡು ಕೂತ ಮನುಷ್ಯನಿಗೇ ಆ ಸಂಕಟ ಗೊತ್ತು. ಈಗ ಹೆಡ್ ಕ್ಲಾರ್ಕರು ತಿಂಗಳ ಕೊನೆಗೆ ನಿವೃತ್ತರಾಗುವವರಿದ್ದರು. ಆ ಕುರ್ಚಿ ಯಾರಿಗೆಂದು ಸಾಹೇಬರು ಬಾಯಿ ಬಿಟ್ಟಿರಲಿಲ್ಲ. ಹೆಂಡತಿ ಮಾತ್ರ ಆಗಲೇ ಅಕ್ಕನಿಗೆ ಆದೇಶ ಬಂದಾಯಿತೆಂದು ಹೇಳಿಬಿಟ್ಟಿದ್ದರು. ಇನ್ನು ಕುರ್ಚಿ ಬರದಿದ್ದರೆ ಮನೆಯಲ್ಲಿ ನಿಲ್ಲಲೂ ಜಾಗವಿರಲಿಲ್ಲ.

ಆ ಮನೆಯಲ್ಲಿ ಅತ್ತೆಯೂ ಇದ್ದರು. ಹೆಂಡತಿಯ ತಾಯಿ. ಮೂರು ವಾರಕ್ಕೆಂದು ಬಂದು ಮೂರು ವರ್ಷವಾಗಿತ್ತು. ಮೂವತ್ತಮೂರು ವರ್ಷ ಶಾಲೆಯಲ್ಲಿ ಮಕ್ಕಳಿಗೆ ಅಕ್ಷರ ತಿದ್ದಿಸಿದವರು, ಬೀದಿಯವರೆಲ್ಲ ಟೀಚರಮ್ಮ ಎನ್ನುತ್ತಿದ್ದರು. ನಿವೃತ್ತರಾದರೂ ಅಂಕ ಕೊಡುವ ಅಭ್ಯಾಸ ಬಿಟ್ಟಿರಲಿಲ್ಲ. ಚಹಾ ಕುಡಿದು ಹತ್ತಕ್ಕೆ ಐದು ಎನ್ನುವರು, ಪಕ್ಕದ ಮನೆಯ ಹುಡುಗಿಯ ಹಾಡು ಕೇಳಿ ಹತ್ತಕ್ಕೆ ಮೂರು ಎನ್ನುವರು. ಯಾರಿಗೂ ಏಳಕ್ಕಿಂತ ಹೆಚ್ಚು ಕೊಟ್ಟವರಲ್ಲ. ಏಳು ಪಡೆದವರೇ ಊರಿನಲ್ಲಿ ನಾಲ್ಕು ಜನ, ಅವರಲ್ಲಿ ಒಬ್ಬರು ನ್ಯಾಯಾಧೀಶರಾಗಿದ್ದರು. ಅಳಿಯನಿಗೆ ಮದುವೆಯ ದಿನ ನಾಲ್ಕು ಕೊಟ್ಟಿದ್ದರು. ಮರುಪರಿಶೀಲನೆಗೆ ಈವರೆಗೆ ಅವಕಾಶ ಬಂದಿರಲಿಲ್ಲ.

ಒಂದು ಸೋಮವಾರ ವರದಿಯಪ್ಪನವರು ಕಚೇರಿಗೆ ಬಂದಾಗ ಬಾಗಿಲ ಮುಂದೆ ಜನ ನೆರೆದಿದ್ದರು. ಬೀದಿಗೆ ಮುಖ ಮಾಡಿದ್ದ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದ ಮೊಳದುದ್ದದ ಅಕ್ಷರಗಳು.

‘ಇಲ್ಲಿ ನೀರೊಂದನ್ನು ಬಿಟ್ಟು ಎಲ್ಲವೂ ಸಿಗುತ್ತದೆ.’

ಅಕ್ಷರಗಳೆಲ್ಲ ಒಂದೇ ಎತ್ತರದಲ್ಲಿ, ದಾರ ಹಿಡಿದು ಬರೆದಷ್ಟು ನೇರವಾಗಿದ್ದವು. ಕೆಳಗೆ ಅಚ್ಚುಕಟ್ಟಾದ ಅಡಿಗೆರೆ ಬೇರೆ. ಎದುರು ಅಂಗಡಿಯ ದರ್ಜಿ ಕೊರಳಿಗೆ ಅಳತೆಪಟ್ಟಿ ಹಾಕಿಕೊಂಡೇ ಬಂದು, ಬಂದವರಿಗೆಲ್ಲ ಗಟ್ಟಿಯಾಗಿ ಓದಿ ಹೇಳುತ್ತಿದ್ದ. ಓದಲು ಬರುವವರಿಗೂ ಓದಿ ಹೇಳುತ್ತಿದ್ದ. ಸಾಹೇಬರು ಒಳಗೆ ಮೇಜಿನ ಸುತ್ತ ಓಡಾಡುತ್ತಿದ್ದರು. ಶನಿವಾರ ದೊಡ್ಡ ಸಾಹೇಬರು ತಪಾಸಣೆಗೆ ಬರುವವರಿದ್ದರು. ಅಂಗಳದಲ್ಲಿ ಸಾರ್ವಜನಿಕರಿಗೆಂದು ಹೊಸದಾಗಿ ನಿಲ್ಲಿಸಿದ ನಲ್ಲಿಯನ್ನು ತಿರುಗಿಸಿ ಉದ್ಘಾಟಿಸುವ ಕಾರ್ಯಕ್ರಮವೂ ಇತ್ತು. ಆ ನಲ್ಲಿಯಿಂದ ನಾಲ್ಕೇ ಮಾರು ದೂರದಲ್ಲಿ ಈ ಗೋಡೆ.

ಸಾಹೇಬರು ವರದಿಯಪ್ಪನವರನ್ನು ಕರೆದು ಎರಡು ಅಪ್ಪಣೆ ಮಾಡಿದರು. ಬರೆದವರು ಯಾರೆಂದು ವಿಚಾರಣೆಯಾಗಬೇಕು, ಗೋಡೆ ಬೆಳ್ಳಗಾಗಬೇಕು. ಎರಡೂ ಶನಿವಾರದೊಳಗೆ. ಆಮೇಲೆ ಕಿಟಕಿಯ ಕಡೆ ನೋಡುತ್ತ ಕುರ್ಚಿಯ ಮಾತು ತೆಗೆದರು.

"ಹೆಡ್ ಕ್ಲಾರ್ಕ್ ಕುರ್ಚಿ ವಿಷಯ ಶನಿವಾರ ಆದ್ಮೇಲೆ ಮಾತಾಡೋಣ. ಗೋಡೆ ಹೇಗಿರುತ್ತೋ ಕುರ್ಚೀನೂ ಹಾಗೆ."

ಈಗ ಒಂದು ಕಾನೂನಿನ ತೊಡಕು ಎದ್ದಿತು. ವಿಚಾರಣೆ ಮುಗಿಯುವವರೆಗೆ ಗೋಡೆ ಸಾಕ್ಷ್ಯ, ಅದನ್ನು ಅಳಿಸುವಂತಿಲ್ಲ. ಸಾಕ್ಷ್ಯ ಕಣ್ಣಿಗೆ ಬೀಳುವಂತೆಯೂ ಇಲ್ಲ. ವರದಿಯಪ್ಪನವರು ತಲೆ ಓಡಿಸಿ, ದರ್ಜಿಯಿಂದ ಪರದೆಯ ಬಟ್ಟೆ ತಂದು ಗೋಡೆಗೆ ಇಳಿಬಿಡಿಸಿದರು. ಅಲ್ಲಿಯವರೆಗೆ ಆ ಬೀದಿಯವರಷ್ಟೇ ಓದಿದ್ದರು. ಪರದೆ ಬಿದ್ದಿದ್ದೇ ತಡ, ಊರಿಗೆ ಊರೇ ಬಂದು ಎತ್ತಿ ನೋಡತೊಡಗಿತು. ಎತ್ತಿದವರು ಮತ್ತೆ ಸರಿಯಾಗಿ ಇಳಿಬಿಡುತ್ತಿದ್ದರು, ಅಷ್ಟರಮಟ್ಟಿಗೆ ಒಳ್ಳೆಯ ಜನ. ಬುಧವಾರದ ಹೊತ್ತಿಗೆ ಕಾವಲುಗಾರ ಸಾಲು ಮಾಡಿ ಬಿಡಬೇಕಾಯಿತು.

ಸೋಮವಾರ ಸಂಜೆಯೇ ವರದಿಯಪ್ಪನವರು ಮನೆಯಲ್ಲಿ ಈ ಪ್ರಸಂಗ ಹೇಳಿದ್ದರು. ಮನೆಯ ನಲ್ಲಿಯಲ್ಲಿ ಅಂದಿಗೆ ನೀರು ನಿಂತು ಒಂಬತ್ತು ದಿನ. ಹೆಂಡತಿ ಪಾತ್ರೆಗಳನ್ನು ಒರೆಸಿ ಒರೆಸಿ ಇಡುತ್ತಿದ್ದರು. ನೀರಿನ ಕಚೇರಿಯ ನೌಕರನ ಮನೆಗೇ ನೀರಿಲ್ಲವೆಂದು ಬೀದಿಯವರು ಆಡಿಕೊಂಡು ನಗುವುದು ಅವರಿಗೆ ಸಾಕಾಗಿತ್ತು. ಅತ್ತೆ ಮೂಲೆಯಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡು, ಅಕ್ಷರ ಹೇಗಿತ್ತು ಎಂದಷ್ಟೇ ಕೇಳಿದರು.

ವರದಿಯಪ್ಪನವರು ಮೂಗು ಮುರಿದು, ಅಕ್ಷರವೇನು ಬಂತು, ಕೋಳಿ ಕೆದಕಿದ ಹಾಗಿತ್ತು ಎಂದರು.

ಅತ್ತೆ ಚಹಾದ ಲೋಟವನ್ನು ಕೆಳಗಿಟ್ಟರು. ಮುಖ ಕೆಂಪಾಗಿತ್ತು.

"ಮೂವತ್ತಮೂರು ವರ್ಷ ಕಾಪಿ ಬರೆಸಿದೀನಿ, ಅಳಿಯಂದಿರೇ. ನನ್ನ ಅಕ್ಷರಕ್ಕೆ ಇವತ್ತಿನವರೆಗೆ ಯಾರೂ ಹೀಗಂದಿರಲಿಲ್ಲ."

ವರದಿಯಪ್ಪನವರಿಗೆ ಚಹಾ ನೆತ್ತಿಗೇರಿತು. ಹೆಂಡತಿ ಬೆನ್ನು ತಟ್ಟುತ್ತಿರುವಾಗಲೇ ಅತ್ತೆ ಒಂದೂ ಮುಚ್ಚಿಡದೆ ಎಲ್ಲ ಹೇಳಿದರು. ಐದು ದಿನ ಅಳಿಯನಿಗೆ ಹೇಳಿ ನೋಡಿದ್ದಾಯಿತು, ಆರನೇ ದಿನ ಕಚೇರಿಗೆ ಅರ್ಜಿ ಬರೆದದ್ದಾಯಿತು, ಆ ಅರ್ಜಿ ಇವರ ಮೇಜಿನ ಮೇಲೇ ಕೂತಿದೆಯೆಂದು ತಿಳಿದದ್ದೂ ಆಯಿತು. ಕಾಗದದ ಮೇಲೆ ಬರೆದರೆ ಯಾರೂ ಓದುವುದಿಲ್ಲವೆಂದು ಖಾತ್ರಿಯಾದ ಮೇಲೆ, ಬೆಳಗಿನ ವಾಕಿಂಗಿಗೆ ಹೋದಾಗ ಇಸ್ತ್ರಿ ಅಂಗಡಿಯಿಂದ ಎರಡು ತುಂಡು ಇದ್ದಿಲು ಕೇಳಿ ಪಡೆದು ಗೋಡೆಯ ಮೇಲೆ ಬರೆದಿದ್ದರು. ಅಡಿಗೆರೆಗೆ ತಮ್ಮ ಊರುಗೋಲನ್ನೇ ಅಡ್ಡ ಹಿಡಿದಿದ್ದರಂತೆ.

ಹೆಂಡತಿ ಅಳಬೇಕೋ ನಗಬೇಕೋ ತಿಳಿಯದೆ ಕುರ್ಚಿಯ ಗತಿ ಏನೆಂದು ಕೇಳಿದರು. ಅತ್ತೆ ಹೋಗಿ ಒಪ್ಪಿಕೊಂಡು ಬರುವುದಾಗಿ ಎದ್ದೇ ನಿಂತರು. ವರದಿಯಪ್ಪನವರು ಬಾಗಿಲಿಗೆ ಅಡ್ಡ ನಿಂತು ತಡೆಯಬೇಕಾಯಿತು. ಕೊನೆಗೆ, ಯಾರಾದರೂ ಕೇಳಿದರೆ ಸುಳ್ಳು ಹೇಳುವುದಿಲ್ಲ, ಕೇಳದಿದ್ದರೆ ಸುಮ್ಮನಿರುತ್ತೇನೆ ಎಂದು ಅತ್ತೆ ಮಾತು ಕೊಟ್ಟರು.

ಅರವತ್ತೆರಡನೆಯ ವರದಿ ಮೂರು ದಿನ ವರದಿಯಪ್ಪನವರ ಬೆವರಿಳಿಸಿತು. ಅತ್ತೆಯ ಹೆಸರು ಬರೆದರೆ ಮನೆ ಹೋಗುತ್ತದೆ. ಬೇರೆಯವರ ಹೆಸರು ಬರೆಯಲು ಕೈ ಬರುವುದಿಲ್ಲ, ಆ ವಿಷಯದಲ್ಲಿ ಅವರು ಕಟ್ಟುನಿಟ್ಟು. ಇಲಿ ಬರೆಯುವುದಿಲ್ಲ, ಬಿಸಿಲಿಗೆ ಅಡಿಗೆರೆ ಎಳೆಯಲು ಬಾರದು. ಗುರುವಾರ ಬೆಳಿಗ್ಗೆ ತಲೆಯ ಮೇಲೆ ಕೈಹೊತ್ತು ಕೂತಿದ್ದಾಗ, ಕಚೇರಿಯ ಮಾಡಿನ ಮೂಲೆಯಲ್ಲಿ ಹಳೆಯ ತೇವದ ಕಲೆಯೊಂದು ಕಣ್ಣಿಗೆ ಬಿತ್ತು. ತಲೆ ಓರೆ ಮಾಡಿ ನೋಡಿದರೆ ಅದು ಆನೆಯ ಹಾಗಿತ್ತು, ಇನ್ನೂ ಸ್ವಲ್ಪ ಓರೆ ಮಾಡಿದರೆ ಹೆಡ್ ಕ್ಲಾರ್ಕರ ಹಾಗಿತ್ತು. ಕಲೆ ಆನೆಯಾಗಬಹುದಾದರೆ ಅಕ್ಷರ ಏಕಾಗಬಾರದು? ಅವರು ಪೆನ್ನಿನ ಮುಚ್ಚಳ ತೆಗೆದರು.

‘ಗೋಡೆಯ ಮೇಲೆ ಬರಹವಿರುವುದಾಗಿ ಹೇಳಲಾಗಿದ್ದು, ಸ್ಥಳ ಪರಿಶೀಲನೆಯಲ್ಲಿ ಅದು ತೇವದ ಕಲೆಯೆಂದು ಕಂಡುಬಂದಿದೆ. ಸದರಿ ಗೋಡೆಯು ತೇವಗೊಂಡಾಗ ಅಕ್ಷರಗಳನ್ನು ಹೋಲುವ ಗುರುತುಗಳು ಮೂಡುವುದುಂಟು. ಓದು ಬಲ್ಲ ಸಾರ್ವಜನಿಕರು ಅದನ್ನು ಓದಿದ್ದೇ ಗೊಂದಲಕ್ಕೆ ಕಾರಣ. ತೇವದ ಮೂಲವನ್ನು ಪತ್ತೆಹಚ್ಚಿ ಶಾಶ್ವತವಾಗಿ ನಿವಾರಿಸತಕ್ಕದ್ದು.’

ಸಾಹೇಬರು ಎರಡು ಸಲ ಓದಿದರು. ಎದ್ದು ಬಂದು ವರದಿಯಪ್ಪನವರ ಭುಜ ಹಿಡಿದರು. ಬರಹವೇ ಇಲ್ಲವೆಂದ ಮೇಲೆ ಬರೆದವರೂ ಇಲ್ಲ, ಬರೆಯುವಾಗ ನಿದ್ದೆ ಮಾಡಿದ ಕಾವಲುಗಾರನೂ ಇಲ್ಲ, ನೀರು ಬಿಡದ ಸಾಹೇಬರೂ ಇಲ್ಲ. ಅವರ ಕಣ್ಣು ತೇವವಾಗಿತ್ತೆಂದು ಕಾವಲುಗಾರ ಆಮೇಲೆ ಹೇಳಿದ.

ಕಾಗದಕ್ಕೆ ಸುಣ್ಣ ಬಳಿದಾಯಿತು, ಇನ್ನು ಗೋಡೆಗೆ ಬಳಿಯುವುದು. ಕೆಲಸದವರನ್ನು ಕರೆಸಬೇಕಾದರೆ ಮೂರು ಕಡೆಯಿಂದ ದರಪಟ್ಟಿ ತರಿಸಬೇಕು, ಅದಕ್ಕೆ ಮೂರು ವಾರ. ಆದ್ದರಿಂದ ಶುಕ್ರವಾರ ವರದಿಯಪ್ಪನವರೇ ಹಳೆಯ ಪ್ಯಾಂಟು ಮೊಣಕಾಲಿಗೆ ಮಡಚಿ, ಪರದೆ ಬಿಚ್ಚಿಸಿ, ಗೋಡೆಯ ಮುಂದೆ ನಿಂತರು. ಹೊರಡುವಾಗ ಅತ್ತೆ ಕರೆದು ಬುದ್ಧಿ ಹೇಳಿದ್ದರು. ಶಾಲೆಯ ಗೋಡೆಗೆ ಪ್ರತಿ ವರ್ಷ ನಿಂತು ಸುಣ್ಣ ಹೊಡೆಸಿದವರು ಅವರು. ಸುಣ್ಣಕ್ಕೆ ಅಂಟು ಬೆರೆಸಬೇಕು, ಮೂರು ಕೋಟ್ ಹೊಡೆಯಬೇಕು, ಒಂದು ಪೂರ್ತಿ ಒಣಗಿದ ಮೇಲೆ ಇನ್ನೊಂದು. ತಮ್ಮ ಅಕ್ಷರವನ್ನು ಅಳಿಸುವುದಾದರೂ ನೆಟ್ಟಗೆ ಅಳಿಸಬೇಕು ಎಂಬುದು ಅವರ ಹಟ. ವರದಿಯಪ್ಪನವರು ತಲೆಯಾಡಿಸಿ ಬಂದಿದ್ದರು. ಆ ತಲೆಯಾಡಿಸುವಿಕೆಗೆ ಅರ್ಥವಿರಲಿಲ್ಲ.

ಉಗ್ರಾಣದಲ್ಲಿದ್ದ ಅರ್ಧ ಚೀಲ ಸುಣ್ಣವನ್ನು ಬಕೆಟ್ಟಿನಲ್ಲಿ ಧಾರಾಳವಾಗಿ ತೆಳ್ಳಗೆ ಕಲಸಿದರು. ಅಂಟಿನ ಗೋಜಿಗೆ ಹೋಗಲಿಲ್ಲ. ಕುಂಚ ಅದ್ದಿ ಮೊದಲ ಎಳೆತ ಎಳೆದರು. ಅಕ್ಷರ ಹೋಗಲಿಲ್ಲ. ಇನ್ನೊಂದು ಎಳೆದರು. ಹೋಗುವುದಿರಲಿ, ಧೂಳು ತೊಳೆದುಹೋಗಿ ಇನ್ನೂ ಕರ್ರಗೆ ಮಿಂಚತೊಡಗಿತು. ಗೋಡೆಯ ಉದ್ದಕ್ಕೂ ಬಳಿದು ಮುಗಿಸಿ ಹಿಂದಕ್ಕೆ ಸರಿದು ನೋಡಿದರೆ, ಟೀಚರಮ್ಮನ ವಾಕ್ಯ ಎಣ್ಣೆ ಹಚ್ಚಿದಂತೆ ಹೊಳೆಯುತ್ತಿತ್ತು. ದರ್ಜಿ ತನ್ನ ಅಂಗಡಿಯಿಂದಲೇ, ಈಗ ಇಲ್ಲಿಂದಲೂ ಓದಬಹುದು ಎಂದು ಕೂಗಿ ತಿಳಿಸಿದ.

ವರದಿಯಪ್ಪನವರು ಕುಂಚ ಬಿಸಾಕಿದರು. ಸುಣ್ಣವೇ ಖೊಟ್ಟಿ ಎಂದು ತೀರ್ಮಾನಿಸಿ, ಬಕೆಟ್ಟು ಹಿಡಿದುಕೊಂಡು ಮುಖ ಮೂತಿಗೆಲ್ಲ ಸುಣ್ಣ ಸಿಡಿದಿದ್ದ ಅವತಾರದಲ್ಲೇ ಪೇಟೆಗೆ ಓಡಿದರು. ಸುಣ್ಣದ ಅಂಗಡಿಯವನಿಗೆ ಹಿಗ್ಗಾಮುಗ್ಗಾ ಬೈದರು, ವರದಿ ಬರೆಯುವುದಾಗಿ ಹೆದರಿಸಿದರು. ಅವನು ನಲವತ್ತು ವರ್ಷದಿಂದ ಸುಣ್ಣ ಅರಳಿಸಿ ಮಾರಿದವನು, ಸಾವಧಾನವಾಗಿ ಬಳಿದು ಎಷ್ಟು ಹೊತ್ತಾಯಿತೆಂದು ಕೇಳಿದ.

"ಅರ್ಧ ಗಂಟೆ."

"ಹಸಿ ಸುಣ್ಣ ಗಾಜಿದ್ದ ಹಾಗೆ ಸ್ವಾಮಿ, ಹಿಂದಿರೋದೆಲ್ಲ ಕಾಣುತ್ತೆ. ಒಣಗಿದ್ಮೇಲೇ ಬಿಳಿ. ಹೋಗಿ ನೋಡಿ. ಆದ್ರೆ ಒಂದೇ ಕೋಟಿಗೆ ನಿಲ್ಲಿಸಬೇಡಿ, ಆಮೇಲೆ ಮತ್ತೆ ನೀರು ಬಿದ್ದರೆ..."

ವರದಿಯಪ್ಪನವರು ‘ಹೋಗಿ ನೋಡಿ’ ಎಂಬಲ್ಲಿಗೇ ಹೊರಟಾಗಿತ್ತು. ಉಳಿದ ಮಾತನ್ನು ಅಂಗಡಿಯವನು ತನ್ನ ತಕ್ಕಡಿಗೆ ಹೇಳಿದ.

ಕಚೇರಿಗೆ ಬಂದು ನೋಡಿದರೆ ಗೋಡೆ ಹಾಲು ಚೆಲ್ಲಿದಂತಿತ್ತು. ಒಂದು ಅಕ್ಷರವಿಲ್ಲ, ಅಡಿಗೆರೆಯಿಲ್ಲ. ಕಾವಲುಗಾರ ಬಾಯಿಬಿಟ್ಟುಕೊಂಡು ನಿಂತಿದ್ದ. ತಾನು ಕಣ್ಣು ಮಿಟುಕಿಸದೆ ನೋಡುತ್ತಿದ್ದೆ, ಒಂದೊಂದೇ ಅಕ್ಷರ ತಾನಾಗಿ ಮಾಯವಾಯಿತು ಎಂದು ಆಣೆಯಿಟ್ಟು ಹೇಳಿದ. ವರದಿಯಪ್ಪನವರು ಅದೆಲ್ಲ ಲೆಕ್ಕಾಚಾರದ ಕೆಲಸ ಎಂದು ಗಂಭೀರವಾಗಿ ಹೇಳಿ ಕುಂಚ ತೊಳೆದಿಟ್ಟರು. ಎರಡನೇ ಕೋಟಿನ ಮಾತೇ ಬರಲಿಲ್ಲ. ಆ ಸಂಜೆ ಮನೆಯಲ್ಲಿ ಅತ್ತೆ ಎಷ್ಟು ಕೋಟ್ ಎಂದು ಕೇಳಿದಾಗ, ಬೇಕಾದಷ್ಟು ಎಂದರು.

ಶನಿವಾರ ಬಂತು. ದೊಡ್ಡ ಸಾಹೇಬರು ನಲ್ಲಿ ತಿರುಗಿಸಿದಾಗ ನೀರು ಭರ್ಜರಿಯಾಗಿ ಬರಲೆಂದು ಸಾಹೇಬರು ಬೆಳಗ್ಗೆಯೇ ಊರಿನ ಅಷ್ಟೂ ಬೀದಿಗಳ ನೀರನ್ನು ನಿಲ್ಲಿಸಿ ಕಚೇರಿಯ ಪೈಪಿಗೆ ತಿರುಗಿಸಿದ್ದರು. ದೊಡ್ಡ ಸಾಹೇಬರು ದಪ್ಪ ಮೀಸೆಯ, ಅವಸರದ ಮನುಷ್ಯ. ಒಳಗೆ ಕೂತು ಚಹಾ ಕುಡಿಯುತ್ತ ಮುಂದಿಟ್ಟ ಕಾಗದಗಳಿಗೆಲ್ಲ ಓದದೆ ಸಹಿ ಹಾಕಿದರು. ಅರವತ್ತೆರಡನೆಯ ವರದಿಯ ಕೊನೆಯಲ್ಲೂ ‘ಪರಿಶೀಲಿಸಿ ಅನುಮೋದಿಸಲಾಗಿದೆ’ ಎಂದು ಬರೆದು ಕೆಳಗೆ ಸಹಿ ಬಿತ್ತು. ಆಮೇಲೆ ಅಂಗಳಕ್ಕೆ ಬಂದು, ಗೋಡೆ ನೋಡಿ, ಶುಭ್ರವಾಗಿದೆ ಎಂದು ಮೆಚ್ಚಿದರು. ಸಾಹೇಬರು ವರದಿಯಪ್ಪನವರ ಕಡೆ ನೋಡಿ ಕಣ್ಣಲ್ಲೇ ಕುರ್ಚಿ ಕೊಟ್ಟರು. ವರದಿಯಪ್ಪನವರ ಮೊಣಕೈಗಳು ಆಗಲೇ ತಾವಾಗಿ ಎರಡೂ ಬದಿಗೆ ಸ್ವಲ್ಪ ಎದ್ದು ನಿಂತವು.

ದೊಡ್ಡ ಸಾಹೇಬರು ನಲ್ಲಿ ತಿರುಗಿಸಿದರು. ಮೊದಲು ಗಾಳಿ ಬುಸುಗುಟ್ಟಿತು. ಆಮೇಲೆ ಇಡೀ ಊರಿನ ನೀರು ಒಂದೇ ಸಲಕ್ಕೆ ಬಂತು. ನಲ್ಲಿಯ ತಲೆ ದೊಡ್ಡ ಸಾಹೇಬರ ಕೈಯಲ್ಲೇ ಉಳಿಯಿತು, ನೀರು ಅವರ ಭುಜದ ಮೇಲಿಂದ ಹಾರಿ ಹೋಗಿ ಗೋಡೆಗೆ ರಪ್ಪೆಂದು ಬಡಿಯಿತು.

ಗೋಡೆ ಮೊದಲು ಬೂದಿಬಣ್ಣಕ್ಕೆ ತಿರುಗಿತು. ಆಮೇಲೆ ಎಡಗಡೆಯಿಂದ ‘ಇಲ್ಲಿ’ ಬಂತು. ಸ್ವಲ್ಪ ತಡೆದು ‘ನೀರೊಂದನ್ನು’ ಬಂತು. ನೀರು ಎಲ್ಲಿ ಬೀಳುತ್ತದೋ ಅಲ್ಲೆಲ್ಲ ಅಕ್ಷರ ಸಾವಕಾಶವಾಗಿ ಕಣ್ಣು ಬಿಡುತ್ತಿತ್ತು. ದರ್ಜಿ ಅಂಗಡಿಯಿಂದ ಹಾರಿ ಬಂದು ಬಂದದ್ದನ್ನು ಬಂದ ಹಾಗೆ ಓದಿ ಹೇಳಿದ. ಕೊನೆಗೆ ಅಡಿಗೆರೆಯೂ ಮೂಡಿತು. ‘ನೀರೊಂದನ್ನು ಬಿಟ್ಟು ಎಲ್ಲವೂ ಸಿಗುತ್ತದೆ’ ಎಂಬ ವಾಕ್ಯದ ಮೇಲಿಂದ ನೀರು ಧಾರಾಕಾರವಾಗಿ ಹರಿದು, ಅಂಗಳ ತುಂಬಿ, ಬೀದಿಗೆ ಇಳಿಯಿತು. ನೀರು ಬಂದಿದೆ ಎಂಬ ಸುದ್ದಿ ಅದಕ್ಕಿಂತ ಬೇಗ ಹರಿದಿತ್ತು. ಬೀದಿ ಬೀದಿಯಿಂದ ಜನ ಕೊಡ, ಬಕೆಟ್ಟು, ಕೈಗೆ ಸಿಕ್ಕಿದ ಪಾತ್ರೆ ಹಿಡಿದು ಓಡಿ ಬಂದರು.

ದೊಡ್ಡ ಸಾಹೇಬರ ಅಂಗಿ ಒದ್ದೆಯಾಗಿ ಮೈಗಂಟಿತ್ತು. ನಲ್ಲಿಯ ತಲೆಯನ್ನು ಕೈಯಲ್ಲೇ ಹಿಡಿದುಕೊಂಡು ಇದೇನೆಂದು ಕೇಳಿದರು. ಸಾಹೇಬರು ವರದಿಯಪ್ಪನವರನ್ನು ನೋಡಿದರು. ವರದಿಯಪ್ಪನವರು ಹಿಂದೆ ತಿರುಗಿ ನೋಡಿದರು, ಅಲ್ಲಿ ಯಾರೂ ಇರಲಿಲ್ಲ.

"ತೇವ, ಸಾರ್" ಎಂದರು.

"ತೇವಕ್ಕೆ ಓದು ಬರಹ ಬರುತ್ತೇನ್ರೀ?"

ಸಾಹೇಬರು ವರದಿಯನ್ನು ಮುಂದೆ ಚಾಚಿದರು. ಅದರಲ್ಲಿ ಎಲ್ಲ ವಿವರವಾಗಿದೆ, ತಾವೇ ಅನುಮೋದಿಸಿದ್ದೀರಿ ಎಂದರು. ದೊಡ್ಡ ಸಾಹೇಬರು ಮೀಸೆಯ ನೀರು ಹಿಂಡಿಕೊಂಡು ಓದಿದರು. ‘ಸದರಿ ಗೋಡೆಯು ತೇವಗೊಂಡಾಗ ಅಕ್ಷರಗಳನ್ನು ಹೋಲುವ ಗುರುತುಗಳು ಮೂಡುವುದುಂಟು.’ ಗೋಡೆಯ ಕಡೆ ನೋಡಿದರು. ಗೋಡೆ ತೇವಗೊಂಡಿತ್ತು, ಗುರುತುಗಳು ಮೂಡಿದ್ದವು. ಮತ್ತೆ ಓದಿದರು, ಮತ್ತೆ ನೋಡಿದರು. ಅವರ ಮುಖದ ಬಿಗಿ ಸಡಿಲವಾಯಿತು. ಇಪ್ಪತ್ತನಾಲ್ಕು ವರ್ಷಗಳಲ್ಲಿ ಮೊದಲ ಸಲ ತಾವು ಬರೆದದ್ದು ನಿಜವಾಗುತ್ತಿರುವುದನ್ನು ಕಂಡು ವರದಿಯಪ್ಪನವರಿಗೆ ಮೈ ಜುಮ್ಮೆಂದಿತು. ಇನ್ನೇನು ದೊಡ್ಡ ಸಾಹೇಬರು ಸರಿ ಎಂದು ತಲೆಯಾಡಿಸಬೇಕು, ಅಷ್ಟರಲ್ಲಿ ಜನರ ನಡುವಿನಿಂದ ಊರುಗೋಲಿನ ಸದ್ದು ಕೇಳಿಸಿತು.

ಅತ್ತೆ ಬಂದಿದ್ದರು. ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ಸಣ್ಣ ಬಿಂದಿಗೆ. ಹಿಂದೆ ಹೆಂಡತಿ ಎರಡು ಕೊಡ ಹಿಡಿದು, ಅಮ್ಮನ ಸೆರಗು ಜಗ್ಗುತ್ತ ಬೇಡ ಬೇಡ ಎನ್ನುತ್ತಿದ್ದರು. ಕೇಳದಿದ್ದರೆ ಸುಮ್ಮನಿರುವುದಾಗಿ ಟೀಚರಮ್ಮ ಮಾತು ಕೊಟ್ಟದ್ದು ನಿಜ. ಆದರೆ ಅವರ ಅಕ್ಷರವನ್ನು ತೇವ ಎಂದದ್ದು ಅವರಿಗೆ ಕೇಳಿಸಿತ್ತು.

"ಸ್ವಲ್ಪ ಸರಿಯಾಗಿ ನೋಡಿ ಹೇಳಿ ಸ್ವಾಮಿ. ಇದು ತೇವದ ಥರ ಕಾಣುತ್ತಾ? ಇದು ನನ್ನ ಅಕ್ಷರ."

ತಾವು ಯಾರೆಂದು ದೊಡ್ಡ ಸಾಹೇಬರು ಕೇಳಿದರು. ಟೀಚರಮ್ಮ ಊರುಗೋಲನ್ನು ವರದಿಯಪ್ಪನವರ ಕಡೆ ತೋರಿಸಿ, ಅವರ ಅತ್ತೆ ಎಂದರು. ಕೊಡ ತುಂಬಿದವರೂ ಹೋಗದೆ ನಿಂತರು. ದೊಡ್ಡ ಸಾಹೇಬರು ವರದಿಯಪ್ಪನವರ ಕಡೆ ತಿರುಗಿ, ಈಕೆ ಹೇಳುವುದು ನಿಜವೇ ಎಂದು ಕೇಳಿದರು.

ವರದಿಯಪ್ಪನವರಿಗೆ ಉತ್ತರಗಳು ಸಾಲುಗಟ್ಟಿ ನೆನಪಾದವು. ವಯಸ್ಸಾದವರು, ಮರೆವು ಎನ್ನಬಹುದಿತ್ತು. ಇವರಿಗೆ ದೃಷ್ಟಿ ಮಂದ ಎನ್ನಬಹುದಿತ್ತು. ಅತ್ತೆ ಎಂಬುದನ್ನೇ ಪರಿಶೀಲಿಸಬೇಕಾಗಿದೆ ಎನ್ನಬಹುದಿತ್ತು. ಬಾಗಿಲ ಒಳಗೆ ಕೈಗಳಿರುವ ಕುರ್ಚಿ ಕಾಣುತ್ತಿತ್ತು. ಎದುರಿಗೆ ಅತ್ತೆಯ ಕೈಯಲ್ಲಿ ಖಾಲಿ ಬಿಂದಿಗೆ ಕಾಣುತ್ತಿತ್ತು. ಹದಿನಾಲ್ಕು ದಿನದಿಂದ ಆ ಬಿಂದಿಗೆ ನೀರಿಗಾಗಿ ಯಾರ್ಯಾರ ಮನೆ ಬಾಗಿಲಿಗೋ ಹೋಗಿ ಬರುತ್ತಿತ್ತು. ಅವರಿಗೆ ನಾಚಿಕೆಯಾಯಿತು.

"ಹೌದು ಸಾರ್. ಅಕ್ಷರ ಅವರದೇ. ವರದಿ ನನ್ನದು. ನಮ್ಮ ಬೀದೀಲಿ ನೀರು ಬಂದು ಎರಡು ವಾರ ಆಯ್ತು. ಅವರು ಕೊಟ್ಟ ಅರ್ಜಿ ನನ್ನ ಮೇಜಿನ ಮೇಲೇ ಇದೆ."

ಹೇಳಿ ಮುಗಿಸಿ, ಕುರ್ಚಿಗೆ ಮನಸ್ಸಿನಲ್ಲೇ ನಮಸ್ಕಾರ ಹಾಕಿದರು. ಹೆಂಡತಿ ಎರಡು ಕೊಡಗಳನ್ನೂ ಕೆಳಗಿಟ್ಟು ಗಂಡನನ್ನೇ ನೋಡುತ್ತ ನಿಂತರು. ಸಾಹೇಬರು ಗೋಡೆಗೆ ಒರಗಿದರು, ಅದು ಹಸಿ ಎಂಬುದನ್ನೂ ಮರೆತು.

ದೊಡ್ಡ ಸಾಹೇಬರು ನೋಡುತ್ತಿದ್ದದ್ದು ಅತ್ತೆಯನ್ನೂ ಅಲ್ಲ, ಅಳಿಯನನ್ನೂ ಅಲ್ಲ, ವರದಿಯ ಕೆಳಗಿದ್ದ ತಮ್ಮ ಸಹಿಯನ್ನು. ಬರಹ ನಿಜವಾದರೆ ವರದಿ ಸುಳ್ಳು, ವರದಿ ಸುಳ್ಳಾದರೆ ಅದನ್ನು ಪರಿಶೀಲಿಸಿ ಅನುಮೋದಿಸಿದವರು ಯಾರು? ಕೊನೆಗೆ ಅವರು ಬಹಳ ಮರ್ಯಾದೆಯಿಂದ ಹೇಳಿದರು.

"ಅಮ್ಮಾ, ವರದಿಗೆ ನಾನು ಸಹಿ ಹಾಕಿಬಿಟ್ಟಿದೀನಿ. ಹಾಗಾಗಿ ಕಾಗದದ ಪ್ರಕಾರ ನೀವು ತೇವ."

ಟೀಚರಮ್ಮ ಊರುಗೋಲು ಎತ್ತುವುದರೊಳಗೆ ಅವರು ಕೊನೆಯ ಸಾಲನ್ನು ಗಟ್ಟಿಯಾಗಿ ಓದಿದರು. ತೇವದ ಮೂಲವನ್ನು ಪತ್ತೆಹಚ್ಚಿ ಶಾಶ್ವತವಾಗಿ ನಿವಾರಿಸತಕ್ಕದ್ದು. ಇದು ತಾವು ಅನುಮೋದಿಸಿದ ಆದೇಶ, ನಡೆಯಲೇಬೇಕು. ಆದ್ದರಿಂದ ಮೂಲ ಎಲ್ಲಿದೆಯೆಂದು ತೇವವೇ ತಿಳಿಸಬೇಕೆಂದು ಕೇಳಿಕೊಂಡರು. ಮೂಲ ತಮ್ಮ ಮನೆಯ ನಲ್ಲಿಯಲ್ಲಿದೆ, ಅಲ್ಲಿ ನೀರು ಬಂದರೆ ಇಲ್ಲಿ ಅಕ್ಷರ ಬರುವುದಿಲ್ಲ ಎಂದು ಟೀಚರಮ್ಮ ತಿಳಿಸಿದರು. ಪಕ್ಕದ ಬೀದಿಯವರು ತಾವೂ ಸ್ವಲ್ಪ ತೇವ ಎಂದು ಕೈ ಎತ್ತಿದರು. ಅದರ ಹಿಂದಿನ ಬೀದಿಯವರೂ ಎತ್ತಿದರು. ದರ್ಜಿ ಎರಡೂ ಕೈ ಎತ್ತಿದ. ದೊಡ್ಡ ಸಾಹೇಬರು ಎಲ್ಲವನ್ನೂ ಬರೆಸಿಕೊಂಡು, ಮಂಗಳವಾರದೊಳಗೆ ಊರೆಲ್ಲ ಒಣಗಿರಬೇಕು, ಅಂದರೆ ನೀರು ಬಂದಿರಬೇಕು, ಎಂದು ಸಾಹೇಬರಿಗೆ ಆಜ್ಞೆ ಮಾಡಿದರು. ಬೆನ್ನ ತುಂಬ ಸುಣ್ಣ ಮೆತ್ತಿಕೊಂಡಿದ್ದ ಸಾಹೇಬರು ಆಗಲಿ ಎಂದರು.

ಜೀಪು ಹತ್ತುವಾಗ ದೊಡ್ಡ ಸಾಹೇಬರು ವರದಿಯಪ್ಪನವರ ವಿಷಯವನ್ನೂ ಇತ್ಯರ್ಥ ಮಾಡಿದರು. ಇಂಥ ವರದಿ ಬರೆಯುವವನನ್ನು ದೂರ ಕೂರಿಸುವುದು ಅಪಾಯ, ಸಾಹೇಬರ ಕಣ್ಣೆದುರಿಗೇ ಕೂರಿಸಿ ಎಂದರು. ಸಾಹೇಬರ ಕಣ್ಣೆದುರಿಗೆ ಇದ್ದದ್ದು ಹೆಡ್ ಕ್ಲಾರ್ಕರ ಮೇಜೊಂದೇ.

ಅಂದು ಸಂಜೆಯೇ ಮನೆಯ ನಲ್ಲಿ ಕೆಮ್ಮಿ, ಉಗುಳಿ, ನೀರು ಕೊಟ್ಟಿತು. ಹೆಂಡತಿ ಅಕ್ಕನಿಗೆ ಫೋನ್ ಮಾಡಿ, ತನ್ನ ಗಂಡ ದೊಡ್ಡ ಸಾಹೇಬರ ಮುಖದ ಮೇಲೇ ನಿಜ ಹೇಳಿದರೆಂದು ಹೇಳಿದರು. ಅಷ್ಟು ವರ್ಷಗಳಲ್ಲಿ ಅವರು ಏನೂ ಬಳಿಯದೆ ಹೇಳಿದ ಮೊದಲ ಮಾತು ಅದು, ಅಕ್ಕ ನಂಬಲಿಲ್ಲ.

ಭಾನುವಾರ ಅತ್ತೆ ಅಳಿಯನನ್ನು ಗೋಡೆಯ ಮುಂದೆ ನಿಲ್ಲಿಸಿದರು. ಕಾವಲುಗಾರನಿಂದ ಹೆಡ್ ಕ್ಲಾರ್ಕರ ಕುರ್ಚಿಯನ್ನು ಅಂಗಳಕ್ಕೆ ತರಿಸಿ, ಅದರಲ್ಲಿ ಎರಡೂ ಮೊಣಕೈ ಊರಿ ತಾವೇ ಕೂತರು. ಸುಣ್ಣಕ್ಕೆ ಅಂಟು ಹಾಕಿಸಿದರು. ಎರಡನೇ ಕೋಟಿಗೆ ಅಕ್ಷರಗಳು ಮತ್ತೆ ಮೂಡಿ, ಒಣಗುತ್ತ ಮತ್ತೆ ಮಾಯವಾದವು. ಮೂಡಿದಷ್ಟು ಹೊತ್ತೂ ಅತ್ತೆ ತಮ್ಮ ಬರಹವನ್ನು ಪ್ರೀತಿಯಿಂದ ನೋಡುತ್ತ, ‘ಲ್ಲಿ’ಯ ಒತ್ತು ಇನ್ನೂ ಸ್ವಲ್ಪ ದುಂಡಾಗಬಹುದಿತ್ತು ಎಂದುಕೊಂಡರು. ಸೋಮವಾರ ಬೆಳಿಗ್ಗೆ ಕಚೇರಿ ತೆರೆಯುವ ಮುಂಚೆ ಮೂರನೆಯದು. ಹಸಿ ಇದ್ದಾಗಲೂ ಈ ಸಲ ಏನೂ ಕಾಣಲಿಲ್ಲ.

ಮಂಗಳವಾರ ವರದಿಯಪ್ಪನವರು ಎಲ್ಲರಿಗಿಂತ ಮೊದಲು ಬಂದು, ಒಂದು ಚೊಂಬು ನೀರನ್ನು ಗೋಡೆಗೆ ಎರಚಿ ಕಾದು ನೋಡಿದರು. ಗೋಡೆ ಬಾಯಿ ಬಿಡಲಿಲ್ಲ. ಸಮಾಧಾನದಿಂದ ಒಳಗೆ ಹೋಗಬೇಕೆಂದು ತಿರುಗಿದಾಗ, ಬಲಗಡೆಯ ಕೆಳಮೂಲೆಯಲ್ಲಿ ಸಣ್ಣದಾಗಿ ಏನೋ ಕಪ್ಪಗೆ ಕಾಣಿಸಿತು. ಬಗ್ಗಿ ನೋಡಿದರು. ಇದ್ದಿಲಿನಲ್ಲಿ, ದುಂಡಾದ ಅಂಕಿಗಳಲ್ಲಿ, ಕೆಳಗೆ ಅಚ್ಚುಕಟ್ಟಾದ ಅಡಿಗೆರೆ ಎಳೆದು, ಹತ್ತಕ್ಕೆ ಏಳು ಎಂದು ಬರೆದಿತ್ತು.

ವರದಿಯಪ್ಪನವರು ಅಲ್ಲೇ ಕುಕ್ಕುರುಗಾಲಲ್ಲಿ ಕೂತರು. ಎಷ್ಟೋ ಹೊತ್ತು ಕೂತಿದ್ದರು. ಕಣ್ಣು ಒರೆಸಿಕೊಂಡು ಎದ್ದಾಗ ಹಿಂದೆ ಸಾಹೇಬರು ಬಂದು ನಿಂತಿದ್ದರು. ಹೊಸ ಗೋಡೆಯ ಮೂಲೆಯ ಕಡೆ ಬೆರಳು ಮಾಡಿ, ಅದೇನೆಂದು ಕೇಳಿದರು.

ವರದಿಯಪ್ಪನವರು ಅದಕ್ಕೆ ಅಡ್ಡವಾಗಿ ನಿಂತುಕೊಂಡರು.

"ತೇವ, ಸಾರ್."